‘ರೂಮಿನ ಮಾತು ರೂಮಲ್ಲೇ ಇರಲಿ’ ಎನ್ನುವ ಕೋಚ್: ಮಗನಿಗಾಗಿ ನಾವೇನು ಮಾಡಬಹುದು?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು, ಈಗ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. ಮಗನಿಗೆ 15 ವರ್ಷ. ಐಸ್ ಹಾಕಿಯ ಟ್ರಿಪಲ್ ಎ (ಅತಿ ಮೇಲಿನ ದರ್ಜೆಯ) ತಂಡದಲ್ಲಿ ಡಿಫೆನ್ಸ್ ಆಡುತ್ತಾನೆ. ಈ ಸೀಸನ್ ಮುಗಿದ ಮೇಲೆ ಒಂಟಾರಿಯೊ ಹಾಕಿ ಲೀಗಿನ ಡ್ರಾಫ್ಟ್ ಇದೆ, ಅಂದರೆ ಆ ಲೀಗಿನ ತಂಡಗಳು ಹುಡುಗರನ್ನು ಆರಿಸಿಕೊಳ್ಳುವುದು. ಅವರ ಕೋಚ್ ಒಂದು ಕಾಲದಲ್ಲಿ ವೃತ್ತಿಪರ ಹಾಕಿ ಆಡಿದವರು. ತಂಡವನ್ನು ಗೆಲ್ಲಿಸುತ್ತಾರೆ ಅಂತ ಹೆಸರಿದೆ.

ಹೋದ ತಿಂಗಳು ಅವರು ಮಗನನ್ನು ಒಬ್ಬನೇ ರೂಮಿಗೆ ಕರೆದು, ಬಾಗಿಲು ಹಾಕಿ, ‘ತಂಡದಲ್ಲಿ ಯಾರು ಮೈಗಳ್ಳತನ ಮಾಡ್ತಾರೆ, ಹೆಸರು ಹೇಳು’ ಅಂದರಂತೆ. ಇವನು ಹೆದರಿ ಗೆಳೆಯನೊಬ್ಬನ ಹೆಸರು ಹೇಳಿದ. ಮರುದಿನ ಕೋಚ್ ಎಲ್ಲರ ಎದುರು ಆ ಹುಡುಗನಿಗೆ, ‘ನಿನ್ನ ಫ್ರೆಂಡೇ ನಿನ್ನನ್ನು ಸೋಮಾರಿ ಅಂತಾನೆ’ ಅಂದುಬಿಟ್ಟರು. ಅವತ್ತಿನಿಂದ ಮಗ ಸರಿಯಾಗಿ ನಿದ್ದೆ ಮಾಡಿಲ್ಲ. ಕಳೆದ ವಾರ ಮ್ಯಾಚ್‌ನಲ್ಲಿ ತಲೆಗೆ ಪೆಟ್ಟು ಬಿತ್ತು. ತಲೆ ನೋಯ್ತಿದೆ ಅಂದರೂ ‘ಡ್ರಾಫ್ಟ್ ವರ್ಷ ಇದು, ಆಡ್ತೀಯೋ ಇಲ್ವೋ’ ಅಂತ ಕೇಳಿ ಮತ್ತೆ ಇಳಿಸಿದರು. ನಮ್ಮ ಊಟದ ವಾಸನೆ ಹಿಡಿದು ಒಂದು ಅಡ್ಡಹೆಸರು ಬೇರೆ ಇಟ್ಟಿದ್ದಾರೆ. ರೂಮಿನ ಮಾತು ರೂಮಲ್ಲೇ ಇರಬೇಕು ಅನ್ನುವುದು ಅವರ ನಿಯಮ.

ನನ್ನ ಗಂಡ ಕೊಡಗಿನಲ್ಲಿ ಹಾಕಿ ಆಡಿ ಬೆಳೆದವರು. ‘ನಮ್ಮ ಮಾಸ್ತರು ಸ್ಟಿಕ್‌ನಲ್ಲೇ ಹೊಡೀತಿದ್ರು, ನಾವೇನು ಹಾಳಾದ್ವಾ?’ ಅಂತಾರೆ. ಮಗ ‘ಕಂಪ್ಲೇಂಟ್ ಕೊಟ್ರೆ ನನ್ನ ಕೆರಿಯರ್ ಮುಗೀತು’ ಅಂತ ಅಳ್ತಾನೆ. ದೊಡ್ಡ ಹಾಕಿಯಲ್ಲಿ ಇದೆಲ್ಲ ಮಾಮೂಲಾ? ದೂರು ಕೊಟ್ಟರೆ ಯಾರಾದರೂ ಕೇಳ್ತಾರಾ? ಆ ಇನ್ನೊಬ್ಬ ಹುಡುಗನ ಮನೆಯವರಿಗೆ ಏನು ಹೇಳೋದು?

ಉತ್ತರ: ಮೊದಲು ತಲೆನೋವಿನ ವಿಷಯ. ಉಳಿದದ್ದೆಲ್ಲ ಒಂದು ವಾರ ಕಾಯಬಹುದು, ಇದು ಕಾಯುವುದಿಲ್ಲ. ಇವತ್ತೇ ವೈದ್ಯರಿಗೆ ತೋರಿಸಿ. ಅವರು ಸರಿ ಅನ್ನುವವರೆಗೆ ಮಗ ಐಸ್ ಮೇಲೆ ಕಾಲಿಡಬಾರದು. ಮಿದುಳಿಗೆ ಬಿದ್ದ ಒಂದು ಪೆಟ್ಟು ವಾಸಿಯಾಗುವ ಮುಂಚೆ ಇನ್ನೊಂದು ಬಿದ್ದರೆ ಜೀವಕ್ಕೇ ಅಪಾಯವಾಗಬಹುದು. ಆಟವಾಡುವ ಎಳೆಯರು ಹೀಗೆ ಸತ್ತಿದ್ದಾರೆ. ಒಟ್ಟಾವಾದ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ರಗ್ಬಿ ಆಟಗಾರ್ತಿ 2013ರಲ್ಲಿ ತೀರಿಕೊಂಡದ್ದು ಹೀಗೇ. ಅವಳ ಹೆಸರಿನಲ್ಲೇ 2018ರಲ್ಲಿ ಒಂಟಾರಿಯೊದಲ್ಲಿ ಕಾನೂನು ಬಂತು. ತಲೆಗೆ ಪೆಟ್ಟು ಬಿದ್ದಿರಬಹುದು ಅನ್ನುವ ಅನುಮಾನ ಬಂದ ಕೂಡಲೇ ಆಟಗಾರನನ್ನು ಹೊರಗೆ ಕರೆಯಬೇಕು ಅನ್ನುತ್ತದೆ ಆ ಕಾನೂನು. ವೈದ್ಯರ ಒಪ್ಪಿಗೆ ಇಲ್ಲದೆ ಪೂರ್ತಿ ಆಟಕ್ಕೆ ಬಿಡುವಂತಿಲ್ಲ. ಅಂದರೆ ‘ಆಡ್ತೀಯೋ ಇಲ್ವೋ’ ಅಂತ 15 ವರ್ಷದ ಹುಡುಗನನ್ನು ಕೇಳುವ ಅಧಿಕಾರವೇ ಆ ಕೋಚ್‌ಗೆ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳುವ ಭಾರ ಹುಡುಗನ ಮೇಲೆ ಇರಲೂ ಇಲ್ಲ.

ಈಗ ನಿಮ್ಮ ಚಿಂತೆಗೆ ಬರೋಣ. ನೀವು ಕೇಳಿದ್ದು ಮೂರು ಪ್ರಶ್ನೆಯಾದರೂ ಒಳಗಿರುವುದು ಒಂದೇ ಭಯ ಅನ್ನಿಸುತ್ತದೆ. ಸುಮ್ಮನಿದ್ದರೆ ಮಗ ಒಳಗೇ ಕುಗ್ಗುತ್ತಾನೆ, ಮಾತಾಡಿದರೆ ಅವನ ಕನಸು ಹೋಗುತ್ತದೆ. ಯುವ ಆಟಗಾರರ ಆಪ್ತಸಮಾಲೋಚಕನಾಗಿ ನಾನು ಅತಿ ಹೆಚ್ಚು ಕೇಳುವ ಮಾತು ಇದೇ. ಇದರಲ್ಲಿ ನಿಜ ಎಷ್ಟು, ಅಂಜಿಕೆ ಎಷ್ಟು ಅಂತ ಬಿಡಿಸಿ ನೋಡೋಣ.

ನಿಮ್ಮ ಮಗನಿಗೆ ಆದದ್ದೇ ಜಗತ್ತಿನ ಅತಿ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲೂ ಆಗಿದೆ, ನಿಮ್ಮ ಮನೆ ಹತ್ತಿರದಲ್ಲೇ. 2016-17ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡಕ್ಕೆ ಮಿಚ್ ಮಾರ್ನರ್ ಆಗಷ್ಟೇ ಸೇರಿದ್ದ ಹುಡುಗ. ಕೋಚ್ ಮೈಕ್ ಬ್ಯಾಬ್ಕಾಕ್ ಅವನನ್ನು ಕರೆದು, ತಂಡದವರು ಎಷ್ಟೆಷ್ಟು ಕಷ್ಟಪಟ್ಟು ಆಡುತ್ತಾರೆ ಅಂತ ಮೇಲಿನಿಂದ ಕೆಳಗೆ ಪಟ್ಟಿ ಮಾಡಿಕೊಡು ಅಂದರು. ಹೊಸ ಹುಡುಗ, ಎದುರಿಗೆ ಒಲಿಂಪಿಕ್ ಚಿನ್ನ ಗೆದ್ದ ಕೋಚ್. ಬರೆದುಕೊಟ್ಟ. ಆ ಪಟ್ಟಿಯಲ್ಲಿ ಕೆಳಗಿದ್ದ ಹಿರಿಯ ಆಟಗಾರರಿಗೆ ಕೋಚ್ ಅದನ್ನು ತಿಳಿಸಿಬಿಟ್ಟರು. ಇದು ಹೊರಗೆ ಬಂದದ್ದು 2019ರ ನವೆಂಬರ್‌ನಲ್ಲಿ, ಬ್ಯಾಬ್ಕಾಕ್ ಕೆಲಸ ಕಳೆದುಕೊಂಡ ಮೇಲೆ. ಅಲ್ಲಿಯವರೆಗೆ ಮಾರ್ನರ್ ಹೊರಗೆ ಬಾಯಿ ಬಿಟ್ಟಿರಲಿಲ್ಲ. ಕೋಟಿಗಟ್ಟಲೆ ಸಂಬಳದ ವೃತ್ತಿಪರನಿಗೇ ಬಾಯಿ ಕಟ್ಟಿತ್ತು ಅಂದರೆ ನಿಮ್ಮ ಮಗ ಬಾಯಿ ಬಿಡದಿರುವುದರಲ್ಲಿ ಆಶ್ಚರ್ಯವೇನಿದೆ?

ಆದ್ದರಿಂದ ‘ದೊಡ್ಡ ಹಾಕಿಯಲ್ಲಿ ಇದು ಮಾಮೂಲಾ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೌದು, ಬಹಳ ಕಾಲ ಮಾಮೂಲಾಗಿತ್ತು. ಆದರೆ ಮಾಮೂಲು ಆದದ್ದೆಲ್ಲ ಸರಿ ಅಂತ ಅಲ್ಲ ಎಂಬುದನ್ನು ಆ ದೊಡ್ಡ ಹಾಕಿಯೇ ಈಗ ಒಪ್ಪಿಕೊಳ್ಳಬೇಕಾಗಿ ಬಂದಿದೆ. ಅದೇ ಬ್ಯಾಬ್ಕಾಕ್‌ರನ್ನು 2023ರಲ್ಲಿ ಕೊಲಂಬಸ್ ತಂಡ ಕರೆಸಿಕೊಂಡಿತು. ಅವರು ಆಟಗಾರರ ಫೋನಿನ ಫೋಟೊಗಳನ್ನು ತೋರಿಸು ಅಂತ ಕೇಳಿದ ವಿಷಯ ಹೊರಬಿತ್ತು. ಆಟಗಾರರ ಸಂಘ ವಿಚಾರಣೆಗೆ ಇಳಿಯಿತು. ಸೆಪ್ಟೆಂಬರ್‌ನಲ್ಲಿ, ಒಂದು ಮ್ಯಾಚನ್ನೂ ನಡೆಸದೆ, ಅವರು ರಾಜೀನಾಮೆ ಕೊಟ್ಟು ಹೋದರು. ‘ನಿಮ್ಮನ್ನು ಹತ್ತಿರದಿಂದ ತಿಳ್ಕೊಳ್ಳೋದಕ್ಕೆ’ ಅನ್ನುವ ನೆಪ ಅಲ್ಲಿ ನಡೆಯಲಿಲ್ಲ.

‘ಗಟ್ಟಿ ಕೋಚ್ ಇದ್ದರೇ ಗೆಲುವು’ ಎಂಬ ನಂಬಿಕೆಯನ್ನೂ ಸ್ವಲ್ಪ ನೋಡೋಣ. ಇದನ್ನು ಸುಳ್ಳು ಅಂತ ತಳ್ಳಿಹಾಕುವುದು ಸುಲಭ, ಆದರೆ ನಾನು ಹಾಗೆ ಮಾಡುವುದಿಲ್ಲ. ಬ್ಯಾಬ್ಕಾಕ್ ಗೆದ್ದವರೇ. 2008ರಲ್ಲಿ ಡೆಟ್ರಾಯ್ಟ್ ತಂಡಕ್ಕೆ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಕಪ್), 2010 ಮತ್ತು 2014ರಲ್ಲಿ ಕೆನಡಾಕ್ಕೆ ಒಲಿಂಪಿಕ್ ಚಿನ್ನ. ಅವರ ಕೈಕೆಳಗೆ ಡೆಟ್ರಾಯ್ಟ್‌ನಲ್ಲಿ ಆಡಿದ ಸ್ವೀಡನ್ನಿನ ಯೊಹಾನ್ ಫ್ರಾನ್ಸೆನ್ ಆಮೇಲೆ ಎರಡೂ ಮಾತನ್ನು ಒಟ್ಟಿಗೆ ಹೇಳಿದರು: ತಂಡ ಕಟ್ಟುವುದರಲ್ಲಿ ಆತ ಜಾಣ, ಆದರೆ ತಾನು ಕಂಡವರಲ್ಲೇ ಅತಿ ಕೆಟ್ಟ ಮನುಷ್ಯ. ಎರಡೂ ಒಬ್ಬನಲ್ಲೇ ಇರಬಹುದು. ಗೆಲುವು ಕೋಚ್‌ನ ಜಾಣತನಕ್ಕೆ ಸಾಕ್ಷಿ, ನಡತೆಗಲ್ಲ. ನಿಮ್ಮ ಕ್ಲಬ್ಬಿನವರು ‘ನೋಡಿ ಎಷ್ಟು ಕಪ್ ಗೆದ್ದಿದ್ದಾರೆ’ ಅಂತ ಹೇಳಿದಾಗ ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ.

ಹಾಗಾದರೆ ಕಟ್ಟುನಿಟ್ಟು ಎಲ್ಲಿ ಮುಗಿಯುತ್ತದೆ, ಕಿರುಕುಳ ಎಲ್ಲಿ ಶುರುವಾಗುತ್ತದೆ? ಸೋತ ಮೇಲೆ ಉಸಿರು ಕಟ್ಟುವಷ್ಟು ಸ್ಕೇಟಿಂಗ್ ಮಾಡಿಸುವುದು, ತಪ್ಪು ಪಾಸ್ ಕೊಟ್ಟಾಗ ಗದರುವುದು, ಒಂದೆರಡು ಶಿಫ್ಟ್ (ಐಸ್ ಮೇಲೆ ಇಳಿಯುವ ಸರದಿ) ಬೆಂಚಲ್ಲಿ ಕೂರಿಸುವುದು ನನಗೆ ಹಿಡಿಸದೆ ಇರಬಹುದು. ಆದರೆ ಅಲ್ಲಿ ಮಾತು ಆಟದ ಬಗ್ಗೆ ಇದೆ. ಏನು ಸರಿಮಾಡಿಕೊಳ್ಳಬೇಕು ಅಂತ ಹುಡುಗನಿಗೆ ಗೊತ್ತಿದೆ. ಗೆಳೆಯನ ಮೇಲೆ ಚಾಡಿ ಹೇಳಿಸುವುದರಲ್ಲಿ ಆಟ ಎಲ್ಲಿದೆ? ಮನೆಯ ಅಡುಗೆಯ ಮೇಲೆ ಅಡ್ಡಹೆಸರು ಇಟ್ಟರೆ ಯಾವ ಡಿಫೆನ್ಸ್‌ಮನ್ ಸುಧಾರಿಸುತ್ತಾನೆ? ನಾನು ಪೋಷಕರಿಗೆ ಹೇಳುವ ಒಂದು ಪರೀಕ್ಷೆ ಇದೆ. ಇದೇ ಮಾತನ್ನು, ಇದೇ ದನಿಯಲ್ಲಿ, ಅಪ್ಪ ಅಮ್ಮ ಪಕ್ಕದಲ್ಲಿ ನಿಂತಿರುವಾಗ ಕೋಚ್ ಆಡುತ್ತಿದ್ದರಾ? ಆಡುತ್ತಿರಲಿಲ್ಲ ಅಂತಾದರೆ, ಅದು ತಪ್ಪು ಅಂತ ಅವರಿಗೇ ಗೊತ್ತು.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಕೊಡಗಿನಲ್ಲಿ ಹಾಕಿ ಅಂದರೆ ಮನೆಮಾತು. 1997ರಿಂದ ಮನೆತನಗಳ ಹೆಸರಿನಲ್ಲೇ ತಂಡ ಕಟ್ಟಿ ಹಬ್ಬದ ಹಾಗೆ ಆಡುವ ಜನ ಅವರು. ಅಲ್ಲಿ ಬೆಳೆದವರಿಗೆ ಆಟ ಬಿಡುವುದು ಸಣ್ಣ ಮಾತಲ್ಲ. ಆದರೆ ಎರಡು ವಿಷಯ ಅವರ ಗಮನಕ್ಕೆ ತನ್ನಿ. ‘ನಾವೇನು ಹಾಳಾದ್ವಾ’ ಅಂತ ಕೇಳಲು ಉಳಿದವರು ಆಟದಲ್ಲಿ ಉಳಿದವರು. ಹೊಡೆತ ತಾಳದೆ ಮೈದಾನಕ್ಕೆ ಬರುವುದನ್ನೇ ಬಿಟ್ಟ ಹುಡುಗರನ್ನು ಯಾರೂ ಕೇಳಲಿಲ್ಲ, ಅಲ್ವಾ? ಇನ್ನೊಂದು, ಅವರ ಮಾಸ್ತರು ಊರಿನವರು. ಅಪ್ಪನಿಗೆ ಗೊತ್ತು, ಅಜ್ಜನಿಗೂ ಗೊತ್ತು. ಹದ್ದು ಮೀರಿದರೆ ಸಂತೆಯಲ್ಲಿ ಹಿಡಿದು ಕೇಳುವ ಹಿರಿಯರಿದ್ದರು. ಬ್ರಾಂಪ್ಟನ್‌ನಲ್ಲಿ ಹಾಗೆ ಕೇಳುವವರು ಯಾರು?

ಇಲ್ಲೇ ಇರುವುದು ನಿಜವಾದ ತೊಂದರೆ. ‘ಒಬ್ಬ ಕೆಟ್ಟ ಕೋಚ್ ಸಿಕ್ಕ, ಅಷ್ಟೇ’ ಅನ್ನುವುದು ಅರ್ಧ ಸತ್ಯ. ಐಸ್ ಮೇಲೆ ಎಷ್ಟು ಹೊತ್ತು ಆಡಬೇಕು ಎಂದು ತೀರ್ಮಾನಿಸುವುದು ಕೋಚ್. ಸ್ಕೌಟ್‌ಗಳು (ಹೊಸ ಆಟಗಾರರನ್ನು ಹುಡುಕಲು ಮೇಲಿನ ತಂಡಗಳು ಕಳಿಸುವವರು) ಬಂದು ‘ಹುಡುಗ ಹೇಗೆ, ಮಾತು ಕೇಳ್ತಾನಾ’ ಅಂತ ವಿಚಾರಿಸುವುದೂ ಅವರನ್ನೇ. ಸಹಾಯಕ ಕೋಚ್‌ಗಳು ಅಲ್ಲಿರುವುದು ಅವರ ಕೃಪೆಯಿಂದ. ಕ್ಲಬ್ಬಿನ ಆಡಳಿತದಲ್ಲಿರುವ ಎಷ್ಟೋ ಜನ ಅದೇ ತಂಡದ ಹುಡುಗರ ಅಪ್ಪ ಅಮ್ಮಂದಿರು. ಹುಡುಗನ ಭವಿಷ್ಯ, ಅವನ ಬಗ್ಗೆ ಹೊರಗೆ ಹೋಗುವ ಮಾತು, ಅವನ ದೂರು ಕೇಳಬೇಕಾದವರ ಕಿವಿ, ಮೂರೂ ಒಬ್ಬನೇ ಮನುಷ್ಯನ ಕೈಯಲ್ಲಿದ್ದರೆ ಒಳ್ಳೆಯ ಕೋಚ್ ಕೂಡ ಹದ್ದು ಮೀರುವ ಸಾಧ್ಯತೆ ಇದೆ. ಕೆಟ್ಟವನಿಗಂತೂ ತಡೆಯೇ ಇಲ್ಲ. ‘ರೂಮಿನ ಮಾತು ರೂಮಲ್ಲೇ’ ಎಂಬ ನಿಯಮ ಕೊನೆಯ ಕಿಟಕಿಯನ್ನೂ ಮುಚ್ಚುತ್ತದೆ. ತಂಡದ ಆಟದ ತಂತ್ರ ಹೊರಗೆ ಹೋಗಬಾರದು, ಸರಿ. ಮನೆಯಲ್ಲಿ ಅಮ್ಮನಿಗೆ ಏನಾಯಿತು ಅಂತ ಹೇಳಬಾರದು ಅನ್ನುವ ಹಕ್ಕು ಯಾವ ಕೋಚ್‌ಗೂ ಇಲ್ಲ.

ಈ ಮೌನ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಒಂದು ಪ್ರಕರಣ ಹೇಳಲೇಬೇಕು. ನಿಮ್ಮ ಮಗನದ್ದು ಈ ಥರದ್ದಲ್ಲ, ಗಾಬರಿ ಬೇಡ. 2010ರ ಮೇ ತಿಂಗಳು. ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಬಂದಿತ್ತು. ಕೈಲ್ ಬೀಚ್ ಎಂಬ 20 ವರ್ಷದ ಆಟಗಾರ, 2008ರ ಡ್ರಾಫ್ಟ್‌ನಲ್ಲಿ 11ನೆಯವನಾಗಿ ಆಯ್ಕೆಯಾದವನು, ತಂಡದ ವಿಡಿಯೊ ಕೋಚ್ ಬ್ರ್ಯಾಡ್ ಆಲ್ಡ್ರಿಚ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅಂತ ತಂಡದವರಿಗೆ ಹೇಳಿದ. ಮೇ 23ರಂದು ತಂಡದ ದೊಡ್ಡವರೆಲ್ಲ ಒಂದು ಕೋಣೆಯಲ್ಲಿ ಸೇರಿದರು. ಮುಖ್ಯ ಕೋಚ್ ಜೋಲ್ ಕ್ವೆನ್ವಿಲ್ ಕೂಡ ಅಲ್ಲಿದ್ದರು. ಪ್ಲೇಆಫ್ ನಡುವೆ ತಂಡದ ಗಮನ ಕೆಡಬಾರದು ಅನ್ನುವುದು ಅವರಿಗೆ ಮುಖ್ಯವಾಯಿತು. ಮೂರು ವಾರ ಯಾರೂ ಏನೂ ಮಾಡಲಿಲ್ಲ. ಜೂನ್ 9ಕ್ಕೆ ಕಪ್ ಗೆದ್ದರು. ಆಲ್ಡ್ರಿಚ್ ಸಂಭ್ರಮದಲ್ಲಿ ಪಾಲ್ಗೊಂಡ, ಅವನ ಹೆಸರನ್ನು ಕಪ್ ಮೇಲೆ ಕೆತ್ತಿದರು. ಆಮೇಲೆ ಅವನು ರಾಜೀನಾಮೆ ಕೊಟ್ಟು ಸದ್ದಿಲ್ಲದೆ ಹೊರಟುಹೋದ. ಮುಂದೆ ಮಿಷಿಗನ್‌ನಲ್ಲಿ ಒಬ್ಬ ಹೈಸ್ಕೂಲ್ ಹುಡುಗನ ಮೇಲೆ ಲೈಂಗಿಕ ಅಪರಾಧ ಮಾಡಿ 2014ರಲ್ಲಿ ಶಿಕ್ಷೆಗೊಳಗಾದ. ಆ ಕೋಣೆಯಲ್ಲಿ ಒಬ್ಬರಾದರೂ ಅವತ್ತೇ ಪೊಲೀಸರಿಗೆ ಫೋನ್ ಮಾಡಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಬೀಚ್ 2021ರಲ್ಲಿ ಹೆಸರು ಮುಚ್ಚಿಟ್ಟು ಕೋರ್ಟಿಗೆ ಹೋದರು. ಅಕ್ಟೋಬರ್‌ನಲ್ಲಿ ಸ್ವತಂತ್ರ ತನಿಖೆಯ ವರದಿ ಬಂತು. ಮರುದಿನ ಅವರು ಟೀವಿ ಮುಂದೆ ಬಂದು ‘ಅದು ನಾನೇ’ ಅಂದರು. ಎನ್‌ಎಚ್‌ಎಲ್ ಶಿಕಾಗೊ ತಂಡಕ್ಕೆ 20 ಲಕ್ಷ ಡಾಲರ್ ದಂಡ ಹಾಕಿತು. ಶಿಕಾಗೊ ಜನರಲ್ ಮ್ಯಾನೇಜರ್ ಸ್ಟ್ಯಾನ್ ಬೋಮನ್ ರಾಜೀನಾಮೆ ಕೊಟ್ಟರು. ಆ ಹೊತ್ತಿಗೆ ಫ್ಲೋರಿಡಾ ತಂಡದ ಕೋಚ್ ಆಗಿದ್ದ ಕ್ವೆನ್ವಿಲ್ ಕೂಡ. ಕಪ್ ಮೇಲಿನ ಆಲ್ಡ್ರಿಚ್ ಹೆಸರಿನ ಮೇಲೆ ಒಂದರ ಪಕ್ಕ ಒಂದು ಎಕ್ಸ್ ಗುರುತು ಕೆತ್ತಿ ಅಳಿಸಿದರು. ಆದರೆ 2024ರ ಜುಲೈನಲ್ಲಿ ಲೀಗ್ ಬೋಮನ್ ಮತ್ತು ಕ್ವೆನ್ವಿಲ್ ಮತ್ತೆ ಕೆಲಸ ಮಾಡದಂತೆ ಇದ್ದ ನಿರ್ಬಂಧ ತೆಗೆಯಿತು. ಬೋಮನ್ ಅದೇ ತಿಂಗಳು ಎಡ್ಮಂಟನ್ ತಂಡದ ಜನರಲ್ ಮ್ಯಾನೇಜರ್ ಆದರು. 2025ರಲ್ಲಿ ಅನಾಹೈಮ್ ತಂಡ ಕ್ವೆನ್ವಿಲ್‌ರನ್ನು ಕೋಚ್ ಮಾಡಿಕೊಂಡಿತು. ಬೀಚ್ ಎನ್‌ಎಚ್‌ಎಲ್‌ನಲ್ಲಿ ಒಂದು ಮ್ಯಾಚನ್ನೂ ಆಡಲಿಲ್ಲ. ತಪ್ಪು ಮಾಡಿದವರಿಗೆ ಮರಳಿ ಬರುವ ದಾರಿ ಇರಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಆ ದಾರಿ ಅಧಿಕಾರದಲ್ಲಿದ್ದವರಿಗೆ ಎಷ್ಟು ಚಿಕ್ಕದು, ಪೆಟ್ಟು ತಿಂದವನಿಗೆ ಎಷ್ಟು ಉದ್ದ ಅಂತ ನೋಡಿದಾಗ ಸಿಟ್ಟು ಬರುತ್ತದೆ.

ಇನ್ನು ನಿಮ್ಮ ಮಗನ ಭಯ. ‘ಕಂಪ್ಲೇಂಟ್ ಕೊಟ್ರೆ ಕೆರಿಯರ್ ಮುಗೀತು.’ ಇದನ್ನು ಬರೀ ಅಂಜಿಕೆ ಅಂತ ನಾನು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಅಕೀಮ್ ಅಲಿಯು ನೈಜೀರಿಯಾದಲ್ಲಿ ಹುಟ್ಟಿ, ಉಕ್ರೇನ್‌ನಲ್ಲಿ ಬೆಳೆದು, ಚಿಕ್ಕ ವಯಸ್ಸಲ್ಲೇ ಟೊರಾಂಟೊಗೆ ಬಂದ ಆಟಗಾರ. 2009-10ರ ಸೀಸನ್‌ನಲ್ಲಿ ಶಿಕಾಗೊದ ಕಿರಿಯ ತಂಡ ರಾಕ್‌ಫರ್ಡ್‌ನಲ್ಲಿದ್ದಾಗ ಕೋಚ್ ಬಿಲ್ ಪೀಟರ್ಸ್ ಅವರನ್ನು ಜನಾಂಗೀಯ ಬೈಗುಳದಲ್ಲಿ ನಿಂದಿಸಿದರು, ಅವರು ಹಾಕಿದ ಸಂಗೀತದ ನೆಪದಲ್ಲಿ. ಅಲಿಯು ಎದುರು ಮಾತಾಡಿದ ಮೇಲೆ ಇನ್ನೂ ಕೆಳಗಿನ ಲೀಗಿಗೆ ಕಳಿಸಿದರು. ಅವರಿಗೆ ಸಿಕ್ಕಿದ್ದು ಒಟ್ಟು 7 ಎನ್‌ಎಚ್‌ಎಲ್ ಮ್ಯಾಚ್. 2019ರ ನವೆಂಬರ್‌ನಲ್ಲಿ ಅವರು ಇದನ್ನು ಬಹಿರಂಗವಾಗಿ ಬರೆದರು. ಅದೇ ವಾರದಲ್ಲಿ ಪೀಟರ್ಸ್ ಕ್ಯಾಲ್ಗರಿ ಫ್ಲೇಮ್ಸ್ ಕೋಚ್ ಹುದ್ದೆ ಬಿಟ್ಟರು. ಪೀಟರ್ಸ್ ಹಿಂದಿನ ತಂಡದಲ್ಲಿ ಆಟಗಾರನಿಗೆ ಒದ್ದದ್ದೂ ಹೊರಬಂತು. ಡಿಸೆಂಬರ್‌ನಲ್ಲಿ ಎನ್‌ಎಚ್‌ಎಲ್ ಹೊಸ ನಿಯಮ ತಂದಿತು: ಇಂಥದ್ದು ಗೊತ್ತಾದ ಕೂಡಲೇ ತಂಡದವರು ಲೀಗಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ. ದೂರು ಹೇಳಲು ಪ್ರತ್ಯೇಕ ಫೋನ್ ಲೈನ್ ಬಂತು. ಇದೆಲ್ಲ ಅಲಿಯು ಬಾಯಿ ಬಿಟ್ಟಿದ್ದರಿಂದ ಆಯಿತು. ಆದರೆ ಅವರ ಆಟದ ಆ ವರ್ಷಗಳು ವಾಪಸ್ ಬರಲಿಲ್ಲ. ಪೀಟರ್ಸ್‌ಗೆ 2023ರಲ್ಲಿ ಆಲ್ಬರ್ಟಾದ ಲೆಥ್‌ಬ್ರಿಜ್‌ನ ಜೂನಿಯರ್ ತಂಡದಲ್ಲಿ ಕೋಚ್ ಕೆಲಸ ಸಿಕ್ಕಿತು.

ಹಾಗಾಗಿ ದೂರು ಕೊಟ್ಟರೆ ಏನೂ ಆಗುವುದಿಲ್ಲ ಅಂತ ಭರವಸೆ ಕೊಡಲಾರೆ. ಐಸ್ ಟೈಮ್ ಕಡಿಮೆಯಾಗಬಹುದು. ‘ಆ ಮನೆಯವರು ಕಿರಿಕಿರಿ’ ಅನ್ನುವ ಮಾತು ಹರಡಬಹುದು. ಆದರೆ ತಕ್ಕಡಿಯ ಇನ್ನೊಂದು ಬದಿಯನ್ನೂ ನೋಡಿ. ಒಂಟಾರಿಯೊ ಡ್ರಾಫ್ಟ್ ಒಂದೇ ದಾರಿಯಲ್ಲ. 2025ರ ಆಗಸ್ಟ್‌ನಿಂದ ಕೆನಡಾದ ಮೇಜರ್ ಜೂನಿಯರ್ ಲೀಗಿನಲ್ಲಿ (ಒಂಟಾರಿಯೊ ಲೀಗ್ ಅದರದ್ದೇ ಭಾಗ) ಆಡಿದವರಿಗೂ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ತೆರೆದಿದೆ. ಮೊದಲು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಮೇಜರ್ ಜೂನಿಯರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಜೂನಿಯರ್ ಎ ಮೂಲಕ ತಡವಾಗಿ ಮೇಲೆ ಬರುವ ಹುಡುಗರೂ ಇದ್ದಾರೆ. ನಿದ್ದೆ ಇಲ್ಲದ, ಗೆಳೆಯನ ಮುಖ ನೋಡಲು ಹೆದರುವ, ತಲೆನೋವು ಮುಚ್ಚಿಟ್ಟು ಆಡುವ ಹುಡುಗ ಯಾವ ಸ್ಕೌಟ್ ಕಣ್ಣಿಗೂ ಚೆನ್ನಾಗಿ ಕಾಣುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಯಾವುದಕ್ಕೂ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾಂಕ, ಜಾಗ, ಯಾರಿದ್ದರು, ಏನು ಅಂದರು. ಮಗನ ಮಾತಲ್ಲೇ ಬರೆಯಿರಿ, ನಿಮ್ಮ ಸಿಟ್ಟನ್ನು ಸೇರಿಸಬೇಡಿ. ಕೋಚ್ ಕಳಿಸಿದ ಮೆಸೇಜ್ ಒಂದನ್ನೂ ಅಳಿಸಬೇಡಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಾ ಅಂತ ಮಗನಿಗೆ ಹೇಳಬೇಡಿ. ಡ್ರೆಸ್ಸಿಂಗ್ ರೂಮಲ್ಲಿ ಕ್ಯಾಮೆರಾ, ರೆಕಾರ್ಡಿಂಗ್ ನಿಷೇಧ, ಅವನೇ ಸಿಕ್ಕಿಹಾಕಿಕೊಳ್ಳುತ್ತಾನೆ. ಮತ್ತು ಮಗನಿಗೆ ಗೊತ್ತಿಲ್ಲದೆ ಯಾವ ಹೆಜ್ಜೆಯನ್ನೂ ಇಡಬೇಡಿ. ಒಬ್ಬ ದೊಡ್ಡವರು ಅವನ ಮಾತನ್ನು ಅವನಿಗೆ ಹೇಳದೆ ಬಳಸಿಕೊಂಡದ್ದೇ ಈ ಗಾಯ. ನೀವೂ ಹಾಗೆ ಮಾಡಿದರೆ ಅವನು ನಿಮಗೂ ಬಾಯಿ ಮುಚ್ಚುತ್ತಾನೆ.

ಕೋಚ್ ಜೊತೆ ನೇರವಾಗಿ ಮಾತಾಡಬಹುದಾ? ಬರೀ ಗದರುವ ಕೋಚ್ ಆಗಿದ್ದರೆ ಹೌದು ಅನ್ನುತ್ತಿದ್ದೆ. ಮ್ಯಾಚ್ ಮುಗಿದ ಮೇಲೆ ಒಂದು ದಿನ ಬಿಟ್ಟು ಮಾತಾಡಿ ಎಂಬ ನಿಯಮ ಹಲವು ಕ್ಲಬ್‌ಗಳಲ್ಲಿದೆ, ಅದು ಒಳ್ಳೆಯದೇ. ಆದರೆ ಮಗ ನಂಬಿ ಹೇಳಿದ್ದನ್ನು ಮರುದಿನವೇ ಎಲ್ಲರ ಮುಂದೆ ಇಟ್ಟವರು ಇವರು. ನೀವು ಹೇಳಿದ್ದನ್ನೂ ಹಾಗೇ ಇಡಬಹುದು. ಆದ್ದರಿಂದ ನಾನಾದರೆ ಬರವಣಿಗೆಯಲ್ಲಿ, ಕ್ಲಬ್‌ನ ಅಧ್ಯಕ್ಷರಿಗೆ ಅಥವಾ ಸುರಕ್ಷತೆ ನೋಡಿಕೊಳ್ಳುವವರಿಗೆ ಹೇಳುತ್ತೇನೆ.

ಅಲ್ಲಿ ಯಾವುದರಿಂದ ಶುರು ಮಾಡಬೇಕು ಅನ್ನುವುದು ಮುಖ್ಯ. ‘ಕೋಚ್ ತುಂಬಾ ಕಠಿಣ’ ಅಂದರೆ ವಾದ ಶುರುವಾಗುತ್ತದೆ, ಮುಗಿಯುವುದಿಲ್ಲ. ನಿಮ್ಮ ಕೈಯಲ್ಲಿ ವಾದಕ್ಕೆ ಸಿಗದ ಎರಡು ವಿಷಯ ಇವೆ. ತಲೆಗೆ ಪೆಟ್ಟು ಬಿದ್ದವನನ್ನು ಮತ್ತೆ ಇಳಿಸಿದ್ದು ಒಂದು. ಬಾಗಿಲು ಹಾಕಿ ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡದ್ದು ಇನ್ನೊಂದು. ದೇಶದ ಹಾಕಿ ಆಡಳಿತ ಸಂಸ್ಥೆಯಾದ ಹಾಕಿ ಕೆನಡಾದಲ್ಲಿ ಇಬ್ಬರ ನಿಯಮ ಅಂತ ಇದೆ: ಮಕ್ಕಳ ಜೊತೆ ಯಾವಾಗಲೂ ತರಬೇತಿ ಪಡೆದ, ಹಿನ್ನೆಲೆ ಪರಿಶೀಲನೆಯಾದ ಇಬ್ಬರು ದೊಡ್ಡವರಿರಬೇಕು. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ. ಈ ಎರಡನ್ನು ಮೊದಲಿಗೆ ಬರೆಯಿರಿ. ಅಡ್ಡಹೆಸರಿನ ವಿಷಯವನ್ನೂ ಸೇರಿಸಿ. ಜನಾಂಗೀಯ ನಿಂದನೆಗೆ ‘ತಮಾಷೆ’ ಅನ್ನುವ ವಿನಾಯಿತಿ ಈಗ ಯಾವ ನಿಯಮದಲ್ಲೂ ಇಲ್ಲ. ಪತ್ರದ ಕೊನೆಯಲ್ಲಿ, ಇಷ್ಟು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು ಅಂತ ಕೇಳಿ.

ಕ್ಲಬ್‌ನವರು ಕೋಚ್‌ನ ಸ್ನೇಹಿತರೇ ಆಗಿದ್ದರೆ, ಅಥವಾ ಉತ್ತರವೇ ಬರದಿದ್ದರೆ, ಹಾಕಿ ಕೆನಡಾ ನೇಮಿಸಿರುವ ಸ್ವತಂತ್ರ ದೂರು ವ್ಯವಸ್ಥೆ ಇದೆ. ಗಂಭೀರ ದೂರುಗಳನ್ನು ಅದು ತಾನೇ ನೋಡುತ್ತದೆ, ಉಳಿದವನ್ನು ಪ್ರಾಂತ್ಯದ ಸಂಸ್ಥೆಗೆ ಕಳಿಸುತ್ತದೆ. ಇದರ ತೊಂದರೆಯನ್ನೂ ಹೇಳಿಬಿಡುತ್ತೇನೆ. ನಿಧಾನ. ಸೀಸನ್ ಮುಗಿದರೂ ತೀರ್ಮಾನ ಬರದೆ ಇರಬಹುದು. ಹೆಸರು ಹೇಳದೆ ಕೊಟ್ಟ ದೂರಿಗೆ ಬಲ ಕಡಿಮೆ. ಸುದ್ದಿಯಲ್ಲಿ ನೀವು ಓದಿರಬಹುದಾದ ರಾಷ್ಟ್ರೀಯ ಸುರಕ್ಷಿತ ಕ್ರೀಡೆ ಯೋಜನೆ ಮುಖ್ಯವಾಗಿ ರಾಷ್ಟ್ರಮಟ್ಟದವರಿಗೆ. ನಿಮ್ಮ ಕ್ಲಬ್ ಸಾಮಾನ್ಯವಾಗಿ ಅದರ ಕೆಳಗೆ ಬರುವುದಿಲ್ಲ. ಎಷ್ಟೋ ಮನೆಯವರು ಅಲ್ಲಿ ಬರೆದು ತಿಂಗಳು ಕಾದು ಬೇಸತ್ತದ್ದನ್ನು ನೋಡಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ಯಾರಿಗೂ ಕಾಯಬೇಡಿ. ಮೈ ಮುಟ್ಟಿದ್ದು, ಹೊಡೆದದ್ದು, ಲೈಂಗಿಕ ಮಾತು ಅಥವಾ ಮೆಸೇಜ್, ಇವುಗಳ ಸುಳಿವು ಸಿಕ್ಕರೆ ಕ್ಲಬ್ ಬೇಡ, ನೇರ ಪೊಲೀಸ್ ಮತ್ತು ಮಕ್ಕಳ ರಕ್ಷಣಾ ಸಂಸ್ಥೆ. ಒಂಟಾರಿಯೊದಲ್ಲಿ 16ರ ಒಳಗಿನ ಮಗುವಿಗೆ ಇಂಥ ಅಪಾಯ ಇದೆ ಅಂತ ಅನುಮಾನ ಬಂದರೆ ತಿಳಿಸುವುದು ಎಲ್ಲರ ಕಾನೂನುಬದ್ಧ ಕರ್ತವ್ಯ.

ತಂಡ ಬದಲಿಸುವುದು ಇನ್ನೊಂದು ದಾರಿ. ಅದು ಸೋಲಲ್ಲ. ಆದರೆ ಸೀಸನ್ ನಡುವೆ ಬಿಡುಗಡೆ ಸಿಗುವುದು ಕಷ್ಟ, ಕಟ್ಟಿದ ಫೀಸು ವಾಪಸ್ ಬರುವುದು ಇನ್ನೂ ಕಷ್ಟ. ಹೋಗುವುದಾದರೂ ದೂರು ಬರೆದಿಟ್ಟು ಹೋಗಿ. ಸುಮ್ನೆ ಹೋದರೆ ಮುಂದಿನ ವರ್ಷ ಅದೇ ಕುರ್ಚಿಯಲ್ಲಿ ಇನ್ನೊಬ್ಬ ಹುಡುಗ ಕೂರುತ್ತಾನೆ. ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ಬರೆಯುವುದು ಬೇಡ. ಅಲಿಯು ಬರೆದಾಗ ಅವರು ದೊಡ್ಡವರು, ತಮ್ಮ ಮಾತು ತಾವೇ ಆಡುತ್ತಿದ್ದರು. ನಿಮ್ಮ ವಿಷಯದಲ್ಲಿ ಮಾನನಷ್ಟದ ನೋಟಿಸ್ ನಿಮಗೆ ಬರುತ್ತದೆ, ಶಾಲೆಯಲ್ಲಿ ಪ್ರಶ್ನೆಗಳು ಮಗನಿಗೆ ಬರುತ್ತವೆ.

‘ಯಾರಾದರೂ ಕೇಳ್ತಾರಾ’ ಅಂದಿರಿ. ಒಂದು ಹೆಸರು ಹೇಳುತ್ತೇನೆ, ಶೆಲ್ಡನ್ ಕೆನಡಿ. ಸ್ವಿಫ್ಟ್ ಕರೆಂಟ್ ಎಂಬ ಊರಿನ ಜೂನಿಯರ್ ತಂಡದಲ್ಲಿ ಆಡುತ್ತಿದ್ದಾಗ ಕೋಚ್ ಗ್ರಹಾಂ ಜೇಮ್ಸ್ ಅವರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. ಅದೇ ಕಾಲದಲ್ಲಿ ಜೇಮ್ಸ್‌ಗೆ ಹಾಕಿ ಲೋಕದಲ್ಲಿ ಭಾರೀ ಗೌರವ. ಕೆನಡಿ 1996ರಲ್ಲಿ ಪೊಲೀಸರಿಗೆ ಹೇಳಿದರು, 1997ರ ಜನವರಿಯಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡು ಮೂರೂವರೆ ವರ್ಷದ ಶಿಕ್ಷೆ ಪಡೆದ. ಮುಂದೆ ಕೆನಡಿ ಒಂದು ತರಬೇತಿ ಕಾರ್ಯಕ್ರಮ ಕಟ್ಟಿದರು. ಇವತ್ತು ಕೆನಡಾದ ಹಾಕಿ ಕೋಚ್‌ಗಳು ತಂಡ ನಡೆಸುವ ಮೊದಲು ಮಾಡಲೇಬೇಕಾದ ‘ರೆಸ್ಪೆಕ್ಟ್ ಇನ್ ಸ್ಪೋರ್ಟ್’ ಕೋರ್ಸ್ ಅದೇ. ಮಗನನ್ನು ನೋಂದಾಯಿಸುವಾಗ ನಿಮ್ಮಿಬ್ಬರಲ್ಲಿ ಒಬ್ಬರು ಅದರ ಪೋಷಕರ ಭಾಗವನ್ನು ಮಾಡಿಯೇ ಇರುತ್ತೀರಿ. ಕೋಚ್ ಕೂಡ ಮಾಡಿದ್ದಾರೆ. ಕೇಳುವವರು ಇದ್ದಾರೆ. ತಡವಾಗಿ ಕೇಳುತ್ತಾರೆ, ಪೂರ್ತಿ ಕೇಳುವುದಿಲ್ಲ, ಎರಡೂ ನಿಜ. 2022ರಲ್ಲಿ ಹಾಕಿ ಕೆನಡಾವೇ ಒಪ್ಪಿಕೊಂಡಿತು: 1989ರಿಂದ 21 ಲೈಂಗಿಕ ದೂರುಗಳನ್ನು ಬಗೆಹರಿಸಲು 89 ಲಕ್ಷ ಡಾಲರ್ ಕೊಟ್ಟಿದ್ದೇವೆ ಅಂತ. ಅದರಲ್ಲಿ ಹೆಚ್ಚಿನ ಪಾಲು ಜೇಮ್ಸ್ ಪ್ರಕರಣಗಳದ್ದು. ಬಹುಪಾಲು ಹಣ ಬಂದ ನಿಧಿಗೆ ಆಟಗಾರರ ನೋಂದಣಿ ಶುಲ್ಕವೂ ಸೇರುತ್ತಿತ್ತು. ಆ ವಿಷಯ ಹೊರಬಂದ ವರ್ಷವೇ ಅಲ್ಲಿನ ಮುಖ್ಯಸ್ಥ ಮತ್ತು ಇಡೀ ಆಡಳಿತ ಮಂಡಳಿ ಹೋಗಬೇಕಾಯಿತು. ಅವರನ್ನು ಹೋಗುವಂತೆ ಮಾಡಿದ್ದರಲ್ಲಿ ಫೀಸು ಕಟ್ಟುವ ಅಪ್ಪ ಅಮ್ಮಂದಿರ ಸಿಟ್ಟೂ ಇತ್ತು.

ಕೊನೆಗೆ ಆ ಇನ್ನೊಬ್ಬ ಹುಡುಗ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ತಟ್ಟಿದ್ದು ಇದೇ, ಮಗನ ನಿದ್ದೆ ಕೆಡಿಸಿರುವುದೂ ಇದೇ ಅನ್ನಿಸುತ್ತದೆ. ಅವನು ತನ್ನನ್ನೇ ದ್ರೋಹಿ ಅಂದುಕೊಂಡಿದ್ದಾನೆ. ಹೆದರಿಸಿ ಬಾಯಿ ಬಿಡಿಸಿದವರು ದೊಡ್ಡವರು, ಅದನ್ನು ಊರಿಗೆಲ್ಲ ಹೇಳಿದವರೂ ದೊಡ್ಡವರು, ಅಪರಾಧದ ಭಾರ ಹೊತ್ತವನು 15 ವರ್ಷದ ಹುಡುಗ. ಮಾರ್ನರ್ ವಿಷಯ ಹೊರಬಂದಾಗ ಅವರು ಹೇಳಿದ್ದು ನೆನಪಿದೆ: ತಂಡದವರು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಅದು ತನ್ನ ಕೈಯಲ್ಲಿರಲಿಲ್ಲ ಅಂತ ಅವರಿಗೆ ಗೊತ್ತಿತ್ತು. ನಿಮ್ಮ ಮಗನ ಗೆಳೆಯನಿಗೆ ಅದು ಗೊತ್ತಿಲ್ಲ. ಗೊತ್ತಾಗಬೇಕು. ಕೋಣೆಯಲ್ಲಿ ಏನು ನಡೆಯಿತು ಅಂತ ಮಗನೇ ಅವನಿಗೆ ಹೇಳಲಿ, ನಿಮ್ಮ ಮನೆಯಲ್ಲೋ ಅವರ ಮನೆಯಲ್ಲೋ, ರಿಂಕ್‌ನಲ್ಲಿ ಬೇಡ. ಅದಕ್ಕೂ ಮುಂಚೆ ನೀವು ಆ ಹುಡುಗನ ತಾಯಿಗೆ ಒಂದು ಫೋನ್ ಮಾಡಿ. ಮಗ ಹೆಸರು ಹೇಳಿದ್ದು ನಿಜ ಅಂತ ಮೊದಲೇ ಒಪ್ಪಿಕೊಳ್ಳಿ, ಹೇಗೆ ಹೇಳಿಸಿದರು ಅಂತ ಆಮೇಲೆ ಹೇಳಿ. ಅವರು ಸಿಟ್ಟಾಗಬಹುದು, ಆಗಲಿ. ಬಾಗಿಲು ಹಾಕಿದ ಆ ರೂಮಿಗೆ ಅವರ ಮಗನನ್ನೂ ಯಾವತ್ತಾದರೂ ಒಬ್ಬನನ್ನೇ ಕರೆದಿದ್ದರಾ ಅಂತ ಕೇಳಿ. ಕರೆದಿದ್ದರು ಅಂತ ಉತ್ತರ ಬಂದರೆ, ಕ್ಲಬ್‌ಗೆ ಹೋಗುವ ಪತ್ರದಲ್ಲಿ ಎರಡು ಮನೆಯವರ ಸಹಿ ಇರಲಿ.